ಸೆಕೆಯ ಉಪಾಯ

ಗಂಡನ ಸೋದರತ್ತೆ ಎರಡು ದಿನಕ್ಕೆಂದು ಬಂದು ತಿಂಗಳಾಗಿತ್ತು. ಹೊರಡಿ ಎಂದರೆ ಸಂಸ್ಕಾರಕ್ಕೆ ಕುಂದು. ಹಾಗಾಗಿ ನಮಿತಾ ಮೇನ್ ಬೋರ್ಡಿನಲ್ಲಿ ಎ.ಸಿ.ಯ ಸ್ವಿಚ್ಚನ್ನು ಗುಟ್ಟಾಗಿ ಇಳಿಸಿದಳು.

ಹೊರಗಿನ ಬಿಸಿಲು ಒಳಗೆ ನುಸುಳದಂತೆ ಕಟ್ಟಿದ ಹೊಸ ಫ್ಲ್ಯಾಟು ಅದು. ಒಳಗಿನ ಸೆಕೆಯೂ ಹೊರಗೆ ಹೋಗುವುದಿಲ್ಲ ಎಂಬುದನ್ನು ಬಿಲ್ಡರ್ ಹೇಳಿರಲಿಲ್ಲ. ಕಿಟಕಿಗಳು ನೋಡುವುದಕ್ಕಷ್ಟೇ. ಸಾಲದೆಂದು ಅವಳು ಖಾಲಿ ಓವನ್ನನ್ನೂ ಉರಿಸಿದಳು. ಸಂಜೆಯ ಹೊತ್ತಿಗೆ ಫ್ರಿಜ್ಜು ಏದುಸಿರು ಬಿಟ್ಟು ಸುಮ್ಮನಾಯಿತು, ಹಾಲು ಒಡೆಯಿತು, ಅವಳ ಕುರ್ತಾ ಬೆನ್ನಿಗೆ ಅಂಟಿತು.

“ಎ.ಸಿ. ಕೆಟ್ಟೋಗಿದೆ ಅತ್ತೆ. ರಿಪೇರಿಯವರು ಬರೋದು ಮುಂದಿನ ತಿಂಗಳಂತೆ. ನಿಮ್ಮನ್ನ ನೋಡಿದ್ರೆ ಕರುಳು ಚುರ್ ಅನ್ನತ್ತೆ.”

“ಖರೇನ ಮುಂದಿನ ತಿಂಗಳಾ?”

“ದೇವರಾಣೆಗೂ!”

ಅತ್ತೆ ಕೂಡಲೇ ಮಗನಿಗೆ ಫೋನ್ ಹಚ್ಚಿದರು. ನಮಿತಾ ಸಂಭ್ರಮವನ್ನು ನುಂಗಿಕೊಂಡು, ಅಟ್ಟದ ಮೇಲಿದ್ದ ಅವರ ಸೂಟ್‌ಕೇಸ್ ಇಳಿಸಲು ಸ್ಟೂಲು ಹತ್ತಿದಳು.

“ನಾಳಿನ ಟಿಕೀಟು ರದ್ದ ಮಾಡಸಪ್ಪಾ, ಇಲ್ಲಿ ಇನ್ನಾ ಯಾರಿಗೂ ಹೇಳಿಲ್ಲ,” ಎನ್ನುತ್ತಿದ್ದರು ಅತ್ತೆ. “ಆ ಎ.ಸಿ. ಥಂಡಿಗೆ ಮೊಣಕಾಲು ಹಿಡದು ಹೊಂಟಿದ್ದೆ. ಈಗ ಅದು ಕೆಟ್ಟೈತಿ, ಮನಿ ನಮ್ಮ ರಾಯಚೂರಿನಂಗ ಹಿತ ಆಗೇತಿ!”