ದಿನಕ್ಕೊಂದು ಎಳೆ

ಗಂಜಿ ಹಾಕಿದ ನೂಲಿನ ವಾಸನೆ ಬಂದರೆ ಈಗಲೂ ನನ್ನ ಕೈ ಮಗ್ಗದ ಲಾಳಿ ಹುಡುಕುತ್ತದೆ.

ಕೊರೊನಾ ಬಂದ ವರ್ಷ ಇಳಕಲ್ಲಿನ ನಮ್ಮ ಮನೆಯವರು ಹದಿನಾಲ್ಕು ದಿನ ಹೊರಗೆ ಕಾಲಿಡುವಂತಿರಲಿಲ್ಲ. ನಾನು ಡೈರಿಯಲ್ಲಿ ದಿನಕ್ಕೊಂದು ರೇಷ್ಮೆ ಎಳೆ ಅಂಟಿಸುತ್ತಿದ್ದೆ, ಖುಷಿಗೆ ಹಳದಿ, ಬೇಸರಕ್ಕೆ ಹಸಿರು. ಕೊನೆಯ ಮಧ್ಯಾಹ್ನ ಮಗ್ಗದ ಸದ್ದು ಕೇಳಿ ಓಡಿದೆ. ಡೈರಿ ಅಪ್ಪನ ತೊಡೆಯ ಮೇಲಿತ್ತು. ಅದನ್ನು ಬಣ್ಣದ ಮಾದರಿ ಎಂದುಕೊಂಡ ಅಪ್ಪ, ರೂಢಿಯಂತೆ ಕೆಂಪು ಬಿಳುಪಿರಬೇಕಾದ ಸೀರೆಯ ಸೆರಗಿನಲ್ಲಿ ನನ್ನ ದಿನಗಳನ್ನೇ ಪಟ್ಟೆ ಪಟ್ಟೆಯಾಗಿ ನೇಯುತ್ತಿದ್ದ.

“ಈ ಕರಿ ಎಳಿ ಯಾಕ ಹಚ್ಚೀದಿ?” ಎಂದ ಅಪ್ಪ.

“ಅವತ್ತ ನೀ ನನಗ ಹೊಡದಿದ್ದಿ.”

ಲಾಳಿ ನಿಂತಿತು. ಅಪ್ಪ ಕಪ್ಪು ನೂಲಿನದೂ ಒಂದು ಪಟ್ಟೆ ನೇಯ್ದ. ಆಮೇಲೆ ಸರಿದು ಜಾಗ ಕೊಟ್ಟು, “ಇವತ್ತಿಂದು ನೀನ ನೇಯಿ. ಯಾವ ಬಣ್ಣವ್ವಾ?” ಎಂದ.

ಹಳದಿ ನೂಲಿನ ಲಾಳಿ ಆಗಲೇ ನನ್ನ ಕೈಯಲ್ಲಿತ್ತು.