ಹನ್ನೊಂದು ಗಂಟೆಯ ಚೀಟಿ

ಚನ್ನವೀರಪ್ಪನಿಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ... ಅಂದು ಮಾತ್ರ ಅದು ನೆತ್ತಿಗೇರಿತ್ತು.

ಗಂಗಾವತಿಯ ದೊಡ್ಡ ರೈಸ್ ಮಿಲ್ ಮಾಲೀಕ. ಐವತ್ತು ದಾಟಿದ ಮೇಲೆ ಹಿಮಪರ್ವತದ ಹುಚ್ಚು ಹಿಡಿದಿತ್ತು. ಎರಡು ಚಳಿಗಾಲ ಕಾಶ್ಮೀರಕ್ಕೆ ಹೋಗಿ, ಬಿದ್ದು ಎದ್ದು ಹಿಮದ ಮೇಲೆ ಜಾರುವ ಸ್ಕೀಯಿಂಗ್ ಕಲಿತಿದ್ದ.

ಈಗ ಚಿಲಿ ದೇಶದ ಒಂದು ಜ್ವಾಲಾಮುಖಿ ಪರ್ವತದ ಮೇಲಿದ್ದ. ತುದಿಯಲ್ಲಿ ಗಂಧಕದ ಹೊಗೆ, ಮೈತುಂಬ ಹಿಮನದಿ... ಕಾಲಿಗೆ ಸ್ಕೀ ಪಟ್ಟಿ ಕಟ್ಟಿಕೊಂಡೇ ಹತ್ತಬೇಕು, ತುದಿ ಮುಟ್ಟಿ ಅದರಲ್ಲೇ ಜಾರಿ ಇಳಿಯಬೇಕು.

ಅವನ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿಯಲ್ಲಿ, ಊರಿಂದಲೇ ಕರೆತಂದ ಗೈಡ್ ಲಗಮಪ್ಪ. ಗೋಕಾಕ ಕಡೆಯವರು, ಸೈನ್ಯದಲ್ಲಿ ಸುಬೇದಾರ್ ಆಗಿ ನಿವೃತ್ತರಾದವರು. ಇಪ್ಪತ್ತು ವರ್ಷ ಹಿಮದಲ್ಲೇ ಕಳೆದ ಮನುಷ್ಯ.

ಅವರದೊಂದು ಪದ್ಧತಿ ಇತ್ತು. ಟೆಂಟ್ ಬಿಡುವ ಮೊದಲು ಹತ್ತುವವರ ಕೈಯಿಂದಲೇ ಒಂದು ಚೀಟಿ ಬರೆಸಿಕೊಳ್ಳುತ್ತಿದ್ದರು... "ಎಲ್ಲೇ ಇರಲಿ, ಹನ್ನೊಂದು ಗಂಟೆಗೆ ತಿರುಗುತ್ತೇನೆ." ಕೆಳಗೆ ಸಹಿ.

ಚನ್ನವೀರಪ್ಪ ನಗುನಗುತ್ತಾ ಸಹಿ ಹಾಕಿದ್ದ. "ಹನ್ನೊಂದಕ್ಕ ನಾವು ತುದಿ ಮ್ಯಾಲ ಫೋಟೋ ತಗೀತಿರ್ತೀವಿ ತಗೋರಿ, ಸುಬೇದಾರ್ರ."

ನಾವು ಅಂದುಕೊಳ್ಳುವುದೇ ಒಂದು... ದಾರಿಯಲ್ಲಿ ಗಾಳಿ ಎದ್ದಿತು. ಬೂಟು ಕಚ್ಚಿ ಅವನ ಹಿಮ್ಮಡಿಯಲ್ಲಿ ಬೊಬ್ಬೆ ಬಂತು. ಒಂದು ತಾಸು ಹಾಗೇ ಹೋಯಿತು.

ಹನ್ನೊಂದಾದಾಗ ತುದಿ ಕಣ್ಣೆದುರಿಗೇ ಇತ್ತು. ಇನ್ನು ಮುಕ್ಕಾಲು ಗಂಟೆ ಹತ್ತಿದ್ದರೆ ಮುಗಿಯುತ್ತಿತ್ತು.

ಲಗಮಪ್ಪ ಗಡಿಯಾರ ನೋಡಿ ನಿಂತುಬಿಟ್ಟರು. "ತಿರುಗೂಣ್ರಿ, ಸಾವ್ಕಾರ್ರ."

"ಏನಂದ್ರಿ? ತುದಿ ಅಲ್ಲೇ ಕಾಣಾಕತ್ತೈತಿ..."

"ಬಿಸಿಲು ಏರಾಕತ್ತೈತ್ರಿ. ಮುಂಜಾನೆ ಒಂದು ಬಿರುಕು ದಾಟಿ ಬಂದ್ವಲ್ಲ, ಅದರ ಮ್ಯಾಲಿನ ಹಿಮ ಆಗ ಕಲ್ಲಿನಂಗ ಇತ್ತು. ಈಗ ಮೆತ್ತಗ ಆಗ್ತಿರ್ತೈತಿ. ತಡ ಆದ್ರ ನಮ್ಮನ್ನ ಹೊರೂದಿಲ್ಲ."

"ಅಂಜುಬುರುಕ ಅದೀರಿ ನೀವು. ನಿಮ್ಮನ್ನ ಯಾರು ಸುಬೇದಾರ್ ಮಾಡಿದ್ರು?"

ಇಪ್ಪತ್ತು ವರ್ಷ ಹಿಮದಲ್ಲಿ ಗಡಿ ಕಾದವರಿಗೆ ಆಡುವ ಮಾತೇ ಇದು? ಹೇಳುವ ನನಗೇ ಮೈ ಉರಿಯುತ್ತದೆ.

ಲಗಮಪ್ಪ ಟೋಪಿಯೊಳಗಿಂದ ಚೀಟಿ ತೆಗೆದು ಅವನ ಮುಂದೆ ಹಿಡಿದರು.

ಅವನದೇ ಅಕ್ಷರ... ಅವನದೇ ಸಹಿ. ಕೋಪ ಇಮ್ಮಡಿಯಾಯಿತು.

ಹಲ್ಲು ಕಡಿಯುತ್ತಾ ಇಳಿಯತೊಡಗಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂಬ ಸಂಕಟ ಒಳಗೇ ಕುದಿಯುತ್ತಿತ್ತು.

ಇಂಥವನೇ ಇನ್ನೊಬ್ಬ ನೆನಪಾದ... ಮಿಲ್ಲಿನ ಬಾಯ್ಲರ್ ಆಪರೇಟರ್ ಮೌಲಾಸಾಬ್. ಇಪ್ಪತ್ತೆರಡು ವರ್ಷದಿಂದ ಅಲ್ಲೇ ದುಡಿದವನು.

ಹತ್ತು ದಿನದ ಹಿಂದೆ ಒತ್ತಡದ ಮುಳ್ಳು ಕೆಂಪು ಗೆರೆಗೆ ಬಂತೆಂದು ಅವನು ಬಾಯ್ಲರ್ ಬಂದ್ ಮಾಡಿದ್ದ. ಹೊರಗೆ ಲಾರಿಗಳು ಸಾಲಾಗಿ ನಿಂತಿದ್ದವು. "ಇನ್ನ ಅರ್ಧ ತಾಸು ಓಡಿಸು" ಅಂದರೆ ಕೇಳಲಿಲ್ಲ.

ಚನ್ನವೀರಪ್ಪ ಎಲ್ಲರೆದುರು ಬೈದು ಅವನನ್ನು ಗೇಟಿನಿಂದ ಹೊರಗೆ ಹಾಕಿಸಿದ್ದ. ಅದೇ ಸಂಜೆ ವಿಮಾನ ಹತ್ತಲು ಹೊರಟಿದ್ದ.

"ಎಲ್ಲಾ ಒಂದ ಜಾತಿ ಮಂದಿ... ನಿಲ್ಲಿಸೂದೊಂದ ಗೊತ್ತು ಇವರಿಗೆ" ಎಂದು ಗೊಣಗಿದ.

ಬಿರುಕು ಬಂತು. ಲಗಮಪ್ಪ ಕೋಲಿನಿಂದ ಹಿಮ ಚುಚ್ಚಿ ನೋಡಿ, "ನಾ ಮೊದಲ ಹೋಗ್ತೀನಿ. ಹಗ್ಗ ಬಿಗಿ ಹಿಡೀರಿ" ಎಂದು ಸರಸರ ಜಾರಿ ದಾಟಿದರು. ಆಮೇಲೆ ಇವನನ್ನು ದಾಟಿಸಿಕೊಂಡರು.

ಸ್ವಲ್ಪ ಕೆಳಗೆ ಕುಳಿತು ನೀರು ಕುಡಿದರು. ಹತ್ತು ನಿಮಿಷವಾಗಿರಬಹುದು. ಚನ್ನವೀರಪ್ಪನ ಗೊಣಗಾಟ ಇನ್ನೂ ನಿಂತಿರಲಿಲ್ಲ.

ಧೊಪ್ ಎಂದು ಸದ್ದಾಯಿತು...

ತಿರುಗಿ ನೋಡಿದ. ಅವರಿಬ್ಬರ ಸ್ಕೀ ಗುರುತು ಮೇಲಿನಿಂದ ನೆಟ್ಟಗೆ ಬಂದು ಒಂದು ಕಡೆ ನಿಂತಿತ್ತು. ಮತ್ತೆ ಈಚೆ ದಡದಿಂದ ಶುರುವಾಗಿತ್ತು.

ನಡುವೆ ಹಿಮವೇ ಇರಲಿಲ್ಲ. ತಳ ಕಾಣದ ನೀಲಿ ಕಂದಕ ಬಾಯಿ ತೆರೆದಿತ್ತು.

ಚನ್ನವೀರಪ್ಪನಿಗೆ ಆಗ ಹೊಳೆಯಿತು. ತುದಿ ಮುಟ್ಟಿ ಬಂದಿದ್ದರೆ ಈ ಹೊತ್ತಿಗೆ ತಾನಿನ್ನೂ ಅದರ ಆಚೆಗೇ... ಅಥವಾ ಅದರೊಳಗೆ. ಮೊಣಕಾಲಲ್ಲಿ ಮುಖವಿಟ್ಟು ಅತ್ತ.

"ಸುಬೇದಾರ್ರ... ನಾ ಆಡಬಾರದ ಮಾತು ಆಡೀನಿ."

ಲಗಮಪ್ಪ ಅವನ ಬೆನ್ನು ತಟ್ಟಿದರು.

"ನನ್ನ ಮ್ಯಾಲ ಸಿಟ್ಟಾದವ್ರು ಭಾಳ ಮಂದಿ ಅದಾರ್ರಿ, ಸಾವ್ಕಾರ್ರ... ಎಲ್ಲಾರೂ ಜೀವಂತ ಅದಾರ."

ಬೆಟ್ಟದ ಬುಡಕ್ಕೆ ಬಂದು, ಫೋನಿಗೆ ಸಿಗ್ನಲ್ ಸಿಕ್ಕ ಕೂಡಲೇ ಚನ್ನವೀರಪ್ಪ ಮಾಡಿದ ಮೊದಲ ಕಾಲ್ ಮೌಲಾಸಾಬನಿಗೆ.

"ಮೌಲಾಸಾಬ... ನಾಳಿಂದ ಡ್ಯೂಟಿಗೆ ಬಾ. ತಪ್ಪು ನಂದು. ಎಲ್ಲಾರ ಮುಂದ ಬೈದೀನಿ, ಊರಿಗೆ ಬಂದ ಮ್ಯಾಲ ಎಲ್ಲಾರ ಮುಂದನ ತಪ್ಪಾತು ಅಂತ ಹೇಳ್ತೀನಿ."

ಆ ಕಡೆಯಿಂದ ಬಂದ ದನಿಯಲ್ಲಿ ಸಿಟ್ಟಿತ್ತು... ಇರಬೇಕಾದದ್ದೇ.

"ಬರ್ತೀನ್ರಿ, ಧಣ್ಯಾರ. ಆದ್ರ ಮುಳ್ಳು ಕೆಂಪಿಗೆ ಬಂದ್ರ ನಾ ಮತ್ತ ಬಂದ್ ಮಾಡಾವ. ಆಗ ಏನಂತೀರಿ?"

ಚನ್ನವೀರಪ್ಪ ಕಣ್ಣೊರೆಸಿಕೊಂಡ.

"ನಾ ಒದರ್ತೀನಿ, ನನ್ನ ಸ್ವಭಾವ ನಿನಗ ಗೊತ್ತೈತಿ... ನೀ ಮಾತ್ರ ಬಂದ್ ಮಾಡು."

ಸರಿಯಾದ ಹೊತ್ತಿಗೆ 'ಸಾಕು' ಅನ್ನುವವರೊಬ್ಬರು ಹತ್ತಿರ ಇರುವುದೇ ದೊಡ್ಡ ಭಾಗ್ಯ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಅಂತಾರೆ... ಆದರೆ ನೀವು ಗೇಟಿನಿಂದ ಹೊರಗೆ ಹಾಕಿದ ನಿಮ್ಮ ಪಾಲಿನ ಮೌಲಾಸಾಬನ ನಂಬರ್ ನಿಮ್ಮ ಫೋನಿನಲ್ಲಿ ಇನ್ನೂ ಇದೆಯಲ್ಲವೇ?