ಸತ್ತ ಸೆಲ್ಲಿನ ಗುರುಬಲ

ಜಾತಕ ನೋಡುವ ಜೋಯಿಸರ ಮನೆಯ ಕಂಪ್ಯೂಟರು ಎರಡು ವರ್ಷದಿಂದ ದಿನವೂ ಕಪ್ಪು ಪರದೆಯಲ್ಲೇ ನಿಂತುಬಿಡುತ್ತಿತ್ತು. ಕೀಬೋರ್ಡಿಗೆ ನಾಲ್ಕು ಗುದ್ದಿದರೆ ಮಾತ್ರ ಏಳುತ್ತಿತ್ತು. ಕೊನೆಗೆ ರೋಸಿಹೋಗಿ ರಿಪೇರಿಯವಳನ್ನು ಕರೆಸಿದರು.

ಆಕೆ ಪೆಟ್ಟಿಗೆ ಬಿಚ್ಚಿ, ಒಳಗಿನ ಬಿಲ್ಲೆಯಂಥ ಸೆಲ್ ಬದಲಾಯಿಸಿದಳು.

"ಹಳೇದು ಸತ್ತೇಹೋಗಿತ್ತು ಜೋಯಿಸ್ರೇ. ಆನ್ ಮಾಡಿದಾಗೆಲ್ಲ ತಾರೀಖು ಹತ್ತು ವರ್ಷ ಹಿಂದಕ್ಕೆ ಹೋಗ್ತಿತ್ತು. ಮದುವೆಗೆ ಅಂತ ನೀವು ನೋಡಿದ ಗುರುಬಲ ಎಲ್ಲಾ ಆ ಹಳೇ ತಾರೀಖಿಂದೇ!"

ಜೋಯಿಸರು ಈಚೆಗೆ ತಾವು ಕೂಡಿಸಿದ ಜೋಡಿಗಳನ್ನೆಲ್ಲ ಒಂದೊಂದಾಗಿ ನೆನೆದರು.

"ಈಗ ಸರಿಹೋಯ್ತಲ್ಲ, ಬಿಡಿ," ಎಂದಳು ಆಕೆ.

ಜೋಯಿಸರು ಬಾಗಿಲತ್ತ ನೋಡಿ ದನಿ ತಗ್ಗಿಸಿದರು.

"ಹಳೇ ಸೆಲ್ಲನ್ನೇ ಹಾಕಮ್ಮ, ಗುದ್ದಿ ಎಬ್ಬಿಸ್ಕೋತೀನಿ. ಜಗಳ ಆಡ್ಕೊಂಡು ನನ್ನ ಹತ್ರ ವಾಪಸ್ ಬಂದೋರೆಲ್ಲ ಅದು ಸರಿಯಿದ್ದಾಗ ಮದುವೆಯಾದೋರೇ!"